ಎಲ್ಲರೂ ಕೂಡಿ ಕುಣಿಯುವ ಕುಣಿತ

ದೇವರ ಸೇವೆ ಅನೇಕ ವಿಧ. ಹೂವು ಕಟ್ಟಿ ತರುವುದು ಸೇವೆ, ದೀಪಕ್ಕೆ ಎಣ್ಣೆ ಕೊಡುವುದು ಸೇವೆ, ಅನ್ನಸಂತರ್ಪಣೆಯ ದಿನ ಎಲೆ ಹಾಕಿ ನೀರು ಬಡಿಸುವುದೂ ಸೇವೆ. ಬಾಯಿಂದ ಮಾಡುವ ಸೇವೆ ಭಜನೆ, ಕೈಯಿಂದ ಮಾಡುವ ಸೇವೆ ಕೈಂಕರ್ಯ, ಕಾಲಿನಿಂದ ಮಾಡುವ ಸೇವೆ ಪ್ರದಕ್ಷಿಣೆ. ಬಾಯಿ, ಕೈ, ಕಾಲು ಮೂರೂ ಒಟ್ಟಿಗೆ ಮಾಡುವ ಸೇವೆಯೊಂದಿದೆ. ಅದೇ ಕುಣಿತ. ನಮ್ಮ ಹಿರಿಯರು ಉತ್ಸವದ ರಾತ್ರಿ ದೇವರ ಮುಂದೆ ಕೋಲು ಹಿಡಿದು ಸುತ್ತು ಬಂದದ್ದು ಮನರಂಜನೆಗೆ ಮಾತ್ರವಲ್ಲ. ಅದು ಹಾಡಿನೊಡನೆ ಮಾಡಿದ ಪ್ರದಕ್ಷಿಣೆಯೇ ಆಗಿತ್ತು.

ಕುಣಿತಗಳಲ್ಲಿ ಎರಡು ಬಗೆ. ಒಂದು, ಬಲ್ಲವರು ಕುಣಿದು ಉಳಿದವರು ನೋಡುವುದು. ಇನ್ನೊಂದು, ಬಂದವರೆಲ್ಲ ಸೇರಿ ಕುಣಿಯುವುದು. ಮೊದಲನೆಯದಕ್ಕೆ ಗುರು ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು. ಎರಡನೆಯದಕ್ಕೆ ಮನಸ್ಸು ಬೇಕು, ಎರಡು ಕೋಲು ಬೇಕು, ಹೇಳಿಕೊಡಲು ಒಬ್ಬ ತಾಳ್ಮೆಯ ಮನುಷ್ಯ ಬೇಕು. ಈ ಎರಡನೆಯ ಬಗೆಯ ಕುಣಿತ ಎಲ್ಲಿಂದ ಬಂತು, ಅದರ ಸುತ್ತಿನಲ್ಲಿ ಯಾರು ಯಾರು ಸೇರುತ್ತ ಬಂದರು, ಉತ್ಸವಕ್ಕೆ ಬರುವ ಕುಟುಂಬಗಳು ಇಂದೂ ಸುಲಭವಾಗಿ ಕುಣಿಯಬಹುದಾದ ವರಸೆಗಳು ಯಾವುವು ಎಂಬುದನ್ನು ತಿಳಿಯುವುದು ಭಕ್ತಾದಿಗಳಿಗೆ ಉಪಯೋಗವಾದೀತು.

ಕಲ್ಲಿನಲ್ಲಿ ಉಳಿದ ಕುಣಿತ

ಮಡಕಶಿರಾ ಸೀಮೆ ಹಳೆಯ ಕನ್ನಡ ನೆಲ. ಅಮರಾಪುರದ ಹತ್ತಿರದ ಹೇಮಾವತಿಯೇ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿತ್ತು. ಸಾವಿರ ವರ್ಷಕ್ಕೂ ಹಿಂದಿನ ಅವರ ಕಂಬಗಳನ್ನೂ ಕನ್ನಡ ಶಾಸನಗಳನ್ನೂ ನೋಡಿದವರಿಗೆ ಇಲ್ಲಿನ ಕಲ್ಲುಕುಟಿಗರ ಕೈಚಳಕ ಎಂಥದೆಂದು ಗೊತ್ತಾಗುತ್ತದೆ.

ಹಿಂದೂಪುರದ ಪಕ್ಕದ ಲೇಪಾಕ್ಷಿಗೆ ಹೋಗದ ಭಕ್ತರು ಈ ಕಡೆ ಕಡಿಮೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 1529ರಿಂದ 1542ರವರೆಗಿನ ಅವಧಿಯಲ್ಲಿ, ವಿರೂಪಣ್ಣ ಎಂಬ ಅಧಿಕಾರಿ ಬೆಳೆಸಿದ ವೀರಭದ್ರ ದೇವಾಲಯ ಅದು. ಅಲ್ಲಿಯೂ ಕನ್ನಡ ಶಾಸನಗಳಿವೆ. ಅಲ್ಲಿನ ನಾಟ್ಯಮಂಟಪದ ಕಂಬಗಳಲ್ಲಿ ರಂಭೆ ಕುಣಿಯುತ್ತಾಳೆ, ಬ್ರಹ್ಮ ಮದ್ದಳೆ ನುಡಿಸುತ್ತಾನೆ, ತುಂಬುರು ವೀಣೆ ಹಿಡಿದಿದ್ದಾನೆ. ಇವರ ನಡುವೆ ಮೂರು ಕಾಲಿನ ಭೃಂಗಿ ನಾಟ್ಯದ ಗುರುವಾಗಿ ನಿಂತಿದ್ದಾನೆ. ಮೂರು ಕಾಲಿನವನೇ ನಾಟ್ಯಕ್ಕೆ ಗುರುವಾದ ಮೇಲೆ, ಎರಡು ಕಾಲು ನೆಟ್ಟಗಿರುವವರು ಸುತ್ತಿಗೆ ಸೇರಲು ನಾಚುವುದು ಏಕೆ?

ಕೋಲಾಟದ ಚಿತ್ರ ಬೇಕೆಂದರೆ ಹಂಪೆಗೆ ಹೋಗಬೇಕು. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿಯೂ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯಲ್ಲಿಯೂ ಕೋಲು ಹಿಡಿದು ಕುಣಿಯುವ ಹೆಂಗಸರ ಸಾಲು ಇದೆ. ಆ ಗೋಡೆಯ ಮೇಲೆ ಆನೆಗಳ ಸಾಲು, ಕುದುರೆಗಳ ಸಾಲು, ಕಾಲಾಳುಗಳ ಸಾಲು ಕೆತ್ತಿದವರು ಅವುಗಳ ಜೊತೆಗೇ ಕುಣಿಯುವವರ ಸಾಲನ್ನೂ ಕೆತ್ತಿದರು. ಅರಸನ ಹಬ್ಬಕ್ಕೆ ಆನೆ ಎಷ್ಟು ಮುಖ್ಯವೋ ಕೋಲಾಟವೂ ಅಷ್ಟೇ ಮುಖ್ಯವಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. 1565ರ ಯುದ್ಧದ ನಂತರ ವಿಜಯನಗರದ ಅರಸರು ಪೆನುಕೊಂಡೆಗೆ ಬಂದು ನೆಲೆಸಿದರು. ಆ ಊರು ಇಲ್ಲಿಂದ ದೂರವಿಲ್ಲ.

ಕೋಲಾಟವು ಹಂಪೆಗಿಂತಲೂ ಹಳೆಯದು. ಕಾಕತೀಯ ಗಣಪತಿದೇವನ ಸೇನಾಪತಿಯಾಗಿದ್ದ ಜಾಯಸೇನಾಪತಿ 13ನೆಯ ಶತಮಾನದಲ್ಲಿ ‘ನೃತ್ತರತ್ನಾವಳಿ’ ಎಂಬ ಸಂಸ್ಕೃತ ಗ್ರಂಥ ಬರೆದನು. ಎಂಟು ಅಧ್ಯಾಯಗಳ ಆ ಗ್ರಂಥದಲ್ಲಿ ಮೊದಲ ನಾಲ್ಕು ಶಾಸ್ತ್ರದ ಮಾರ್ಗ ಪದ್ಧತಿಗೆ, ಉಳಿದ ನಾಲ್ಕು ದೇಶೀ ಕುಣಿತಗಳಿಗೆ ಮೀಸಲು. ಕೋಲು ಹಿಡಿದು ಆಡುವ ಆಟವನ್ನು ಅಲ್ಲಿ ದಂಡರಾಸಕ ಎಂದು ಕರೆದಿದೆ. ಯುದ್ಧ ನಡೆಸುವ ಸೇನಾಪತಿಯೊಬ್ಬ ಹಳ್ಳಿಯ ಜನರ ಕುಣಿತಕ್ಕೆ ಅರ್ಧ ಪುಸ್ತಕ ಕೊಟ್ಟನೆಂದರೆ ಅದರ ಬೆಲೆ ಎಷ್ಟೆಂದು ಊಹಿಸಬಹುದು.

ಮರೆತವರಿಗೆ ದಾರಿ ತೋರಿಸುವವರು

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರವನ್ನು ನೋಡಿ ಬರೆದಿಟ್ಟನು. ಅರಮನೆಯಲ್ಲಿ ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸುವ ಮಂಟಪವೊಂದಿತ್ತು. ಅದರ ಗೋಡೆಯ ಫಲಕಗಳಲ್ಲಿ ಒಂದೊಂದು ನಾಟ್ಯ ಮುಗಿಯುವಾಗ ನಿಲ್ಲಬೇಕಾದ ಭಂಗಿಯನ್ನು ಕೆತ್ತಲಾಗಿತ್ತು. ಕುಣಿಯುವವಳು ಮರೆತರೆ ಆ ಫಲಕವನ್ನು ನೋಡಿ ನೆನಪು ಮಾಡಿಕೊಳ್ಳಬಹುದಿತ್ತು ಎಂದು ಪಾಯಸ್ ಹೇಳುತ್ತಾನೆ.

ಅರಮನೆಯಲ್ಲಿ ಕಲ್ಲಿನ ಫಲಕ ಇತ್ತು. ಹಳ್ಳಿಯಲ್ಲಿ ಏನಿತ್ತು? ಹಳ್ಳಿಯಲ್ಲಿ ಕೂಗಿ ಹೇಳುವ ಮನುಷ್ಯ ಇದ್ದನು. ಮೇಳದ ಮುಂದಾಳು, ಗುರು, ಹಾಡುಗಾರ ಎಂದು ಏನೇ ಕರೆಯಲಿ, ಸುತ್ತಿನ ನಡುವೆಯೋ ಪಕ್ಕದಲ್ಲಿಯೋ ತಾಳ ಹಿಡಿದು ನಿಂತು, ಹಾಡಿನ ನಡುವೆ “ತಿರುಗು”, “ಕೂತ್ಕೋ”, “ಜೋಡಿ ಬದ್ಲು” ಎಂದು ಹೇಳುವವನು ಅವನೇ. ಕೆಲವರು ಸೀಟಿ ಊದಿ ವರಸೆ ಬದಲಿಸುವುದುಂಟು. ತೆಲುಗಿನವರು ಒಂದೊಂದು ವರಸೆಗೆ ‘ಕೋಪು’ ಎನ್ನುತ್ತಾರೆ. ಒಳ್ಳೆಯ ಮುಂದಾಳಿಗೆ ಬಹಳ ವರಸೆ ಗೊತ್ತಿರುತ್ತದೆ. ಆದರೆ ಆವೊತ್ತು ಸುತ್ತಿನಲ್ಲಿ ನಿಂತಿರುವವರ ಮುಖ ನೋಡಿ ಯಾವುದನ್ನು ಕೂಗಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯುವುದೇ ಅವನ ನಿಜವಾದ ವಿದ್ಯೆ.

ಯಾವುದು ಎಲ್ಲರಿಗೆ, ಯಾವುದು ಕೆಲವರಿಗೆ

ಈ ಸೀಮೆಯಲ್ಲಿಯೂ ಸುತ್ತಮುತ್ತಲೂ ಕುಣಿತಗಳಿಗೆ ಬರವಿಲ್ಲ. ವೀರಗಾಸೆ ಇದೆ. ಅದಕ್ಕೆ ವೇಷವೂ ಒಡಪೂ ವ್ರತವೂ ಬೇಕು. ನಂದಿಕೋಲು ಇದೆ. ಎತ್ತರದ ಆ ಕಂಬವನ್ನು ನೆಟ್ಟಗೆ ನಿಲ್ಲಿಸಿ ಕುಣಿಯಲು ಸೊಂಟದಲ್ಲಿ ಬಲ ಬೇಕು. ಉರುಮೆ ಇದೆ. ಆ ವಾದ್ಯವನ್ನು ಉಜ್ಜಿ ನಾದ ಎಬ್ಬಿಸುವುದು ಪರಂಪರೆಯಿಂದ ಬಂದವರಿಗೇ ಒಲಿಯುವ ವಿದ್ಯೆ. ಇವು ನೋಡಿ ಕೈಮುಗಿಯುವ ಕುಣಿತಗಳು. ಬಂದವರನ್ನೆಲ್ಲ ಇವುಗಳಲ್ಲಿ ಸೇರಿಸಲು ಆಗುವುದಿಲ್ಲ, ಸೇರಿಸಲೂಬಾರದು.

ಸುಲಭದವು ಬೇರೆ ಇವೆ. ರಾಯಲಸೀಮೆಯಲ್ಲಿ ಮನೆಮಾತಾದ ಚೆಕ್ಕಭಜನೆಯಲ್ಲಿ ಕೈಯಲ್ಲಿ ಮರದ ಚಿಟಿಕೆ ಹಿಡಿದು ರಾಮನಾಮಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತಾರೆ. ಪಂಢರಿ ಭಜನೆಯೂ ಅದರ ದಾಯಾದಿಯೇ. ಸಂಕ್ರಾಂತಿಯ ದಿನ ಸೆಗಣಿಯ ಗೊಬ್ಬೆಮ್ಮಗಳ ಸುತ್ತ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟುತ್ತ ಸುತ್ತುವುದು ಐದು ವರ್ಷದ ಮಗುವಿಗೂ ಬರುತ್ತದೆ. ತೆಲಂಗಾಣದ ಬತುಕಮ್ಮವೂ ಇಂಥದೇ. ಹೂವಿನ ಗೋಪುರದ ಸುತ್ತ ಬಾಗಿ ಚಪ್ಪಾಳೆ ತಟ್ಟಿ ಮುಂದೆ ಸರಿಯುವುದು ಅಷ್ಟೇ. ಅಷ್ಟು ಸುಲಭವಾದದ್ದರಿಂದಲೇ ಊರಿಗೆ ಊರೇ ಸೇರುತ್ತದೆ. 2014ರಲ್ಲಿ ಅದು ಆ ರಾಜ್ಯದ ಹಬ್ಬವೂ ಆಯಿತು. ಬಳ್ಳಾರಿ, ಅನಂತಪುರ, ಕರ್ನೂಲು ಕಡೆಯ ಹಳ್ಳಿಗಳಲ್ಲಿ ಮೊಹರಂ ದಿನ ಅಲಾಯಿ ಗುಂಡಿಯ ಸುತ್ತ ಹಿಂದೂಗಳೂ ಮುಸಲ್ಮಾನರೂ ಕೂಡಿ ಹಾಕುವ ಹೆಜ್ಜೆಯೂ ಸರಳವೇ.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಎಲ್ಲರೂ ಸೇರುವ ಕುಣಿತ ಸಾಮಾನ್ಯವಾಗಿ ಸುತ್ತಿನ ಕುಣಿತ. ಸಾಲಿನಲ್ಲಿ ಮುಂದೆ ಹಿಂದೆ ಎಂಬುದುಂಟು, ಸುತ್ತಿನಲ್ಲಿ ಮುಂದಿನವರು ಯಾರು, ಹಿಂದಿನವರು ಯಾರು? ತಪ್ಪಿದವರು ಎದುರಿನವರನ್ನು ನೋಡಿ ಸರಿಪಡಿಸಿಕೊಳ್ಳಬಹುದು. ದಣಿದವರು ಹೊರಗೆ ಬಂದರೆ ಸುತ್ತು ಚಿಕ್ಕದಾಗುತ್ತದೆ, ಹೊಸಬರು ಬಂದರೆ ದೊಡ್ಡದಾಗುತ್ತದೆ, ಮುರಿಯುವುದಿಲ್ಲ.

ಕೋಲಾಟದ ಲೆಕ್ಕ

ಇವುಗಳಲ್ಲಿ ಕೋಲಾಟಕ್ಕೆ ಅಗ್ರಸ್ಥಾನ. ಅದರ ಮೊದಲ ವರಸೆ ನಾಲ್ಕೇ ಪೆಟ್ಟಿನದು. ತನ್ನ ಎರಡು ಕೋಲನ್ನು ತಾನೇ ತಾಗಿಸುವುದು ಒಂದು. ಎದುರಿನವರ ಬಲಗೈ ಕೋಲಿಗೆ ತನ್ನ ಬಲಗೈ ಕೋಲು ತಾಗಿಸುವುದು ಎರಡು. ಮತ್ತೆ ತನ್ನದೇ ಕೋಲು ಮೂರು. ಎಡಗೈ ಕೋಲಿಗೆ ಎಡಗೈ ಕೋಲು ನಾಲ್ಕು. ಇಷ್ಟು ಬಂದರೆ ಅರ್ಧ ಕೋಲಾಟ ಬಂದಂತೆ. ಕೋಲು ಹೊಡೆದರೆ ನಾದ ಬರುವಂಥ ಗಟ್ಟಿ ಒಣಕಟ್ಟಿಗೆಯದಾಗಿರಬೇಕು, ಸಿಬಿರು ಏಳದಂತೆ ನಯಮಾಡಿರಬೇಕು. ತುದಿಗೆ ಗೆಜ್ಜೆ ಕಟ್ಟಿದರೆ ಇನ್ನೂ ಚೆನ್ನ.

ಎರಡನೆಯ ವರಸೆ ಜೋಡಿ ಬದಲಿಸುವುದು. ಜನ ಸಮಸಂಖ್ಯೆಯಲ್ಲಿ ಇರಬೇಕು. 16 ಜನ ಇದ್ದರೆ 8 ಜನ ಒಳಸುತ್ತಿನಲ್ಲಿ, 8 ಜನ ಹೊರಸುತ್ತಿನಲ್ಲಿ ಎದುರುಬದುರು ನಿಲ್ಲುತ್ತಾರೆ. ಒಳಗಿನವರು ನಿಂತಲ್ಲೇ ನಿಂತು, ಹೊರಗಿನವರು ಒಂದು ಪಲ್ಲವಿಗೆ ಒಂದು ಸ್ಥಾನದಂತೆ ಸರಿದರೆ 8 ಸಲ ಸರಿದ ಮೇಲೆ ಮೊದಲಿನ ಜೋಡಿ ಮತ್ತೆ ಎದುರಾಗುತ್ತದೆ. ಅಷ್ಟರಲ್ಲಿ ಹೊರಗಿನ ಎಂಟೂ ಜನ ಒಳಗಿನ ಎಂಟೂ ಜನರಿಗೆ ಕೋಲು ಕೊಟ್ಟಿರುತ್ತಾರೆ. ಅಂದರೆ 64 ಭೇಟಿ. ಅಜ್ಜ ಮೊಮ್ಮಗಳಿಗೆ ಎದುರಾಗುತ್ತಾನೆ, ಅತ್ತೆ ಸೊಸೆಗೆ ಎದುರಾಗುತ್ತಾಳೆ, ಸಾಲ ಕೊಟ್ಟವನು ಸಾಲ ತೆಗೆದುಕೊಂಡವನಿಗೆ ಎದುರಾಗುತ್ತಾನೆ. ತಾಳ ತಪ್ಪಬಾರದೆಂದರೆ ಒಬ್ಬರ ಮುಖ ಒಬ್ಬರು ನೋಡಲೇಬೇಕು. ಮಾತು ಬಿಟ್ಟವರೂ ಕೋಲು ತಾಗಿಸಲೇಬೇಕು.

ಕಠಿಣವಾದದ್ದು ಜಡೆಕೋಲಾಟ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಬ್ಬೊಬ್ಬರು ಒಂದೊಂದು ಹಿಡಿದು, ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ, ಒಮ್ಮೆ ಒಳಗಿಂದ ಒಮ್ಮೆ ಹೊರಗಿಂದ ದಾಟುತ್ತ ಸುತ್ತಿದರೆ ಮೇಲೆ ಜಡೆ ಹೆಣೆಯುತ್ತದೆ. ಅದೇ ದಾರಿಯಲ್ಲಿ ಹಿಂದಕ್ಕೆ ಸುತ್ತಿದರೆ ಜಡೆ ಬಿಚ್ಚುತ್ತದೆ. ಒಬ್ಬರು ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋದರೆ ಎಲ್ಲರ ಹಗ್ಗವೂ ಗಂಟಾಗುತ್ತದೆ. ನೋಡಲು ಬಹಳ ಅಂದ. ಆದರೆ ಕಲಿಯದವರನ್ನು ನಿಲ್ಲಿಸಿ ಜಡೆಕೋಲು ಕೂಗುವ ಮುಂದಾಳು ಜನರನ್ನು ನಾಚಿಸಿ ಕಳಿಸಿದಂತೆ. ಒಮ್ಮೆ ನಾಚಿ ಹೋದವರು ಮುಂದಿನ ವರ್ಷ ಸುತ್ತಿಗೆ ಬರುವುದಿಲ್ಲ.

ಸುತ್ತು ದೊಡ್ಡದಾದ ಕಥೆ

ಇಷ್ಟು ಸುಲಭದ ಕುಣಿತಕ್ಕೂ ಎಲ್ಲರೂ ಮೊದಲಿನಿಂದ ಸೇರಿದ್ದರು ಎಂದು ಹೇಳಿದರೆ ಅದು ಸತ್ಯವಾಗದು. ದೇವರ ಮುಂದೆ ಬರೆಯುವಾಗ ಸತ್ಯವನ್ನೇ ಬರೆಯಬೇಕು. ಹಿಂದೆ ಕೇರಿಗೊಂದು ಸುತ್ತು ಇತ್ತು. ದೇವಸ್ಥಾನದ ಒಳಕ್ಕೇ ಬಿಡದ ಜನರನ್ನು ದೇವಸ್ಥಾನದ ಮುಂದಿನ ಸುತ್ತಿಗೆ ಬಿಡುವುದು ಎಲ್ಲಿಂದ ಬಂತು? ಆಗ ಮಡಕಶಿರಾ ಮದರಾಸು ಪ್ರಾಂತ್ಯದಲ್ಲಿತ್ತು. 1947ರಲ್ಲಿ ಮದರಾಸಿನ ದೇವಾಲಯ ಪ್ರವೇಶದ ಕಾನೂನು ಬಂದು, ಎಲ್ಲ ಹಿಂದೂಗಳಿಗೂ ಗುಡಿಯ ಬಾಗಿಲು ತೆರೆಯಬೇಕೆಂದಾಯಿತು. ಬಾಗಿಲು ತೆರೆಸಲು ಸರ್ಕಾರದಿಂದ ಆಗುತ್ತದೆ. ಸುತ್ತು ತೆರೆಸಲು ಊರಿನವರಿಂದಲೇ ಆಗಬೇಕು.

ಹೆಂಗಸರ ಮಾತೂ ಹಾಗೆಯೇ. ಹಂಪೆಯ ಕಲ್ಲಿನಲ್ಲಿ ಕೋಲು ಹಿಡಿದವರು ಹೆಂಗಸರೇ. ಆದರೆ ಕಾಲಾನುಕ್ರಮದಲ್ಲಿ ಗುಡಿಯ ಮುಂದೆ ಕುಣಿಯುವುದನ್ನು ಕೆಲವು ಮನೆತನಗಳ ಹೆಣ್ಣುಮಕ್ಕಳ ಮೇಲೆ ಹೊರಿಸಿ, ಅವರನ್ನು ದೇವರ ಹೆಸರಿನಲ್ಲಿ ಬಿಟ್ಟು, ಕಡೆಗೆ ಅವರನ್ನೇ ಕೀಳಾಗಿ ಕಂಡರು. 1947ರಲ್ಲಿಯೇ ಮದರಾಸು ಸರ್ಕಾರ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವುದನ್ನು ನಿಷೇಧಿಸಿತು. ಆ ಅನ್ಯಾಯದ ನೆರಳು ಮಾತ್ರ ಬಹುಕಾಲ ಉಳಿಯಿತು. ಸಂಸಾರಸ್ಥ ಹೆಣ್ಣು ಹತ್ತು ಜನರ ಎದುರು ಕಾಲಿಗೆ ಗೆಜ್ಜೆ ಕಟ್ಟಬಾರದು ಎಂಬ ಮಾತು ಎಷ್ಟೋ ಮನೆಗಳಲ್ಲಿ ಇತ್ತು. ಹೆಂಗಸರ ಕೋಲು ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಜೊತೆಗೆ, ಗೊಬ್ಬಿಗೆ, ಮನೆಯಂಗಳಕ್ಕೆ ಸೀಮಿತವಾಯಿತು.

ಇಂದು ತಿರುಮಲೆಯ ಬ್ರಹ್ಮೋತ್ಸವದಲ್ಲಿ ಸ್ವಾಮಿಯ ವಾಹನದ ಮುಂದೆ ಮಾಡಬೀದಿಯಲ್ಲಿ ಕೋಲಾಟ ಆಡುತ್ತ ಸಾಗುವ ತಂಡಗಳನ್ನು ನೋಡಬೇಕು. ಅವರಲ್ಲಿ ಹೆಚ್ಚಿನವರು ಗೃಹಿಣಿಯರು. ಅಡುಗೆಮನೆ, ಹೊಲ, ಕಚೇರಿ ಕೆಲಸ ಮುಗಿಸಿ ಕಲಿತವರು. ಆಂಧ್ರ, ಕರ್ನಾಟಕ, ತಮಿಳುನಾಡಿನ ತಂಡಗಳು ಒಂದರ ಹಿಂದೆ ಒಂದು ಬರುತ್ತವೆ. ತಿರುಮಲ ತಿರುಪತಿ ದೇವಸ್ಥಾನದ ದಾಸಸಾಹಿತ್ಯ ಯೋಜನೆಯಿಂದಾಗಿ ಕನ್ನಡ ಹರಿದಾಸರ ಪದಗಳು ತೆಲುಗು ಮಾತನಾಡುವ ತಾಯಂದಿರ ಬಾಯಲ್ಲಿಯೂ ನಲಿಯುತ್ತಿವೆ. ಅಂಗಳಕ್ಕೆ ಸೀಮಿತವಾಗಿದ್ದ ಕೋಲು ಹೀಗೆ ದೇವರ ಬೀದಿಗೆ ಮರಳಿ ಬಂತು.

ಎರಡು ಭಾಷೆ, ಒಂದು ಸುತ್ತು

1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಅನಂತಪುರ ಜಿಲ್ಲೆಯಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರದೊಡನೆ ಮಡಕಶಿರಾ ಆ ರಾಜ್ಯಕ್ಕೆ ಹೋಯಿತು. ಬಳ್ಳಾರಿಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳೂ ಹೋದವು. 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಶಿರಾ, ಮಧುಗಿರಿ, ಪಾವಗಡಗಳ ನಡುವೆ ಮೂರು ಕಡೆ ಕರ್ನಾಟಕವನ್ನು ಇಟ್ಟುಕೊಂಡು ಈ ಸೀಮೆ ನಾಲಗೆಯಂತೆ ಚಾಚಿಕೊಂಡಿದೆ. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಮನೆಯ ಮಾತು ಮಾತ್ರ ಉಳಿಯಿತು.

ಕೋಲಾಟದ ಸುತ್ತಿಗೆ ಈ ಗಡಿ ತಿಳಿಯಲೇ ಇಲ್ಲ. ಒಂದು ಪದ ಕನ್ನಡದಲ್ಲಿ, ಮುಂದಿನದು ತೆಲುಗಿನಲ್ಲಿ. ಪೆಟ್ಟು ನಾಲ್ಕೇ. ಯಾರ ಮನೆಯಲ್ಲಿ ಯಾವ ಮಾತು ಎಂದು ಕೋಲು ಕೇಳುವುದಿಲ್ಲ.

ಆದರೂ ಒಂದು ಚಿಂತೆ ಇದೆ. ಇಲ್ಲಿನ ಮಕ್ಕಳಲ್ಲಿ ಹೆಚ್ಚಿನವರು ಈಗ ಶಾಲೆಯಲ್ಲಿ ಓದುವುದು ತೆಲುಗು ಅಥವಾ ಇಂಗ್ಲಿಷ್. ತಪ್ಪೇನೂ ಅಲ್ಲ, ಅನ್ನದ ದಾರಿ ಅದು. ಆದರೆ ಕನ್ನಡ ಅಕ್ಷರ ಓದಲು ಬಾರದ ಮಗುವಿಗೆ ಕನ್ನಡ ಎಲ್ಲಿಂದ ಬರಬೇಕು? ಕಿವಿಯಿಂದ ಬರಬೇಕು. ಅಜ್ಜಿಯ ಮಾತಿನಿಂದ, ಭಜನೆಯಿಂದ, ಕೋಲಾಟದ ಪದದಿಂದ ಬರಬೇಕು. ಕೋಲಾಟದ ಪದಗಳಲ್ಲಿ ಎಷ್ಟೋ ಪುಸ್ತಕಕ್ಕೆ ಹತ್ತಿದವಲ್ಲ, ಹಾಡುವವರ ನೆನಪಿನಲ್ಲಿಯೇ ಇವೆ. ಹಾಡುವ ಹಿರಿಯರು ಒಬ್ಬೊಬ್ಬರಾಗಿ ಹೋದಂತೆಲ್ಲ ಪದವೂ ಹೋಗುತ್ತದೆ, ವರಸೆಯೂ ಹೋಗುತ್ತದೆ. ಅರಮನೆಯ ಮಂಟಪದಲ್ಲಾದರೆ ಕಲ್ಲಿನ ಫಲಕವಿತ್ತು. ಇಲ್ಲಿ ಮನುಷ್ಯನೇ ಫಲಕ.

ಉತ್ಸವದ ರಾತ್ರಿ ಏನು ಮಾಡಬಹುದು

ಈಚಿನ ವರ್ಷಗಳಲ್ಲಿ ಉತ್ಸವಗಳಿಗೆ ದೊಡ್ಡ ವೇದಿಕೆ, ಬಣ್ಣದ ದೀಪ, ಎದೆ ನಡುಗಿಸುವ ಧ್ವನಿವರ್ಧಕ ಬಂದಿವೆ. ಮೂರು ಮಕ್ಕಳು ಮೇಲೆ ಕುಣಿಯುತ್ತಾರೆ, ಮುನ್ನೂರು ಜನ ಕೆಳಗೆ ಕುಳಿತು ಮೊಬೈಲಿನಲ್ಲಿ ಹಿಡಿಯುತ್ತಾರೆ. ಅದೂ ಇರಲಿ, ಮಕ್ಕಳಿಗೆ ಪ್ರೋತ್ಸಾಹ ಬೇಕು. ಆದರೆ ಒಂದು ಗಂಟೆಯಾದರೂ ಧ್ವನಿವರ್ಧಕ ನಿಲ್ಲಿಸಿ ಗುಡಿಯ ಮುಂದಿನ ಬಯಲಿನಲ್ಲಿ ಎಲ್ಲರ ಸುತ್ತು ನಡೆಯಬೇಕು. ಅದಕ್ಕೆ ಹಿರಿಯರ ಪದ್ಧತಿಯಿಂದಲೇ ಕ್ರಮ ಸಿಗುತ್ತದೆ.

ಮೊದಲು ಕೋಲಿಲ್ಲದೆ ಚಪ್ಪಾಳೆ ತಟ್ಟಿ ಗಣಪತಿಯ ಪದಕ್ಕೆ ಒಂದು ಸುತ್ತು ನಡೆಯುವುದು. ನಡೆಯಲು ಬರುವವರಿಗೆಲ್ಲ ಅದು ಬರುತ್ತದೆ. ಆಮೇಲೆ ಕೋಲು ಕೊಟ್ಟು ನಾಲ್ಕು ಪೆಟ್ಟಿನ ವರಸೆಯನ್ನು ನಿಂತಲ್ಲೇ ಹೇಳಿಕೊಡುವುದು. ಮೂರನೆಯದಾಗಿ ಜೋಡಿ ಬದಲಿಸುವ ವರಸೆ. ಬಲ್ಲವರೆಲ್ಲ ಒಂದೇ ಕಡೆ ನಿಲ್ಲದೆ, ಬಲ್ಲವರೊಬ್ಬರು ಹೊಸಬರೊಬ್ಬರು ಎಂಬಂತೆ ಬೆರೆತು ನಿಲ್ಲಬೇಕು. ಮೊಣಕಾಲು ನೋವಿನವರು ಇದ್ದಲ್ಲಿ ಕೂತು ಏಳುವ ವರಸೆ ಬೇಡ. ಅವರನ್ನು ನಡುವೆ ಕೂರಿಸಿ ತಾಳ ಕೊಟ್ಟರೆ ಅವರೂ ಸುತ್ತಿನವರೇ. ಹಾಡು ನಿಧಾನವಾಗಿ ಶುರುವಾಗಿ ಕಡೆಗೆ ಬಿರುಸಾಗಲಿ. ಮೂರು ವರಸೆ ಚೆನ್ನಾಗಿ ಬಂದರೆ ಒಂದು ರಾತ್ರಿಗೆ ಸಾಕು. ಜಡೆಕೋಲನ್ನು ಕಲಿತ ತಂಡದವರು ಕಡೆಯಲ್ಲಿ ಆಡಿ ತೋರಿಸಲಿ. ಅದನ್ನು ನೋಡಿ ಆಸೆಪಟ್ಟ ಮಕ್ಕಳೇ ಮುಂದಿನ ವರ್ಷದ ತಂಡ.

ಇನ್ನೊಂದು ಮಾತು. ಪದ ಬಲ್ಲ ಹಿರಿಯರ ಹತ್ತಿರ ಕುಳಿತು, ಕನ್ನಡ ಬರೆಯಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮೊಬೈಲಿನಲ್ಲಿ ಅವರ ದನಿಯನ್ನೂ ಹಿಡಿದಿಡಬೇಕು. ಖರ್ಚಿಲ್ಲದ ಜೀರ್ಣೋದ್ಧಾರ ಅದು. ಗುಡಿಯ ಗೋಡೆ ಬಿದ್ದರೆ ಚಂದಾ ಎತ್ತಿ ಕಟ್ಟಬಹುದು. ಮರೆತುಹೋದ ಪದವನ್ನು ಯಾವ ಚಂದಾ ತರುತ್ತದೆ?

ಕಲ್ಲಿನಲ್ಲಿ ಕೋಲು ಹಿಡಿದ ಹೆಂಗಸರು ಐನೂರು ವರ್ಷಗಳಿಂದ ಹಂಪೆಯ ಗೋಡೆಯ ಮೇಲೆ ಸುತ್ತುತ್ತಲೇ ಇದ್ದಾರೆ. ಅವರಿಗೆ ದಣಿವಿಲ್ಲ. ಮನುಷ್ಯರಿಗೆ ದಣಿವುಂಟು. ಅದಕ್ಕೇ ಒಬ್ಬರ ಕೈಯ ಕೋಲು ಇನ್ನೊಬ್ಬರ ಕೈಗೆ ಹೋಗಬೇಕು. ಈ ಉತ್ಸವಕ್ಕೆ ಬರುವ ಸದ್ಭಕ್ತರೆಲ್ಲರೂ ಮಕ್ಕಳು ಮರಿಗಳೊಡನೆ ಒಂದು ಸುತ್ತಾದರೂ ಕೋಲು ಹಿಡಿದು ದೇವರ ಕೃಪೆಗೆ ಪಾತ್ರರಾಗಲಿ. ತಾಳ ತಪ್ಪಿದರೆ ಚಿಂತೆಯಿಲ್ಲ, ಎದುರಿನವರನ್ನು ನೋಡಿ ಸೇರಿಕೊಳ್ಳಬಹುದು.

ಸರ್ವೇ ಜನಾಃ ಸುಖಿನೋ ಭವಂತು.